ತೀವ್ರ ವಸಡು ರೋಗ ಮತ್ತು ಆನುವಂಶಿಕ ರೋಗನಿರೋಧಕ ಗುರುತುಗಳು

ತೀವ್ರ ವಸಡು ರೋಗಕ್ಕೆ ಸಂಬಂಧಿಸಿದ ಆನುವಂಶಿಕ ರೋಗನಿರೋಧಕ ಗುರುತುಗಳು ಎಂದರೆ, ಹಲ್ಲಿನ ಸುತ್ತಲಿನ ಅಂಗಾಂಶ ಮತ್ತು ಮೂಳೆ ನಾಶವಾಗುವ ಪೆರಿಯೊಡಾಂಟೈಟಿಸ್ ಎಂಬ ಕಾಯಿಲೆಗೆ ಒಬ್ಬ ವ್ಯಕ್ತಿ ಎಷ್ಟರ ಮಟ್ಟಿಗೆ ತುತ್ತಾಗಬಹುದು ಎಂಬುದರ ಮೇಲೆ ಪ್ರಭಾವ ಬೀರುವ, ರೋಗನಿರೋಧಕ ವ್ಯವಸ್ಥೆಯ ವಂಶವಾಹಿಗಳಲ್ಲಿನ ಭಿನ್ನರೂಪಗಳು. ಇವುಗಳಲ್ಲಿ ಹೆಚ್ಚು ಕಾಲದಿಂದ ಅಧ್ಯಯನಕ್ಕೆ ಒಳಗಾದವು ಎಚ್‌ಎಲ್‌ಎ ಎಂಬ ವಂಶವಾಹಿ ಸಮೂಹಕ್ಕೆ ಸೇರಿವೆ. ಸಾಮಾನ್ಯ ರೂಪದ ಪೆರಿಯೊಡಾಂಟೈಟಿಸ್‌ನಲ್ಲಿ ಯಾವ ಒಂದು ಗುರುತೂ ರೋಗವನ್ನು ನಿರ್ಧರಿಸುವುದಿಲ್ಲ. ಅನೇಕ ಗುರುತುಗಳು ಸೇರಿ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ. ಆದರೆ ಪ್ಯಾಪಿಲಾನ್–ಲೆಫೆವ್ರ್ ಸಿಂಡ್ರೋಮ್‌ನಂತಹ ಕೆಲವು ವಿರಳ ಕಾಯಿಲೆಗಳಲ್ಲಿ ಒಂದೇ ವಂಶವಾಹಿಯ ದೋಷದಿಂದ ಬಾಲ್ಯದಲ್ಲಿಯೇ ಹಲ್ಲುಗಳು ಉದುರುತ್ತವೆ. ರಕ್ತಸಂಬಂಧದೊಳಗಿನ ವಿವಾಹ ರೂಢಿಯಲ್ಲಿರುವ ಕರ್ನಾಟಕದಂತಹ ಪ್ರದೇಶಗಳಲ್ಲಿ ಈ ಎರಡನೆಯ ಗುಂಪಿಗೆ ವಿಶೇಷ ಮಹತ್ವವಿದೆ.

## ರೋಗದ ಸ್ವರೂಪ

ವಸಡು ರೋಗಗಳಲ್ಲಿ ಎರಡು ಮುಖ್ಯ ಹಂತಗಳಿವೆ. ಮೊದಲನೆಯದು ಜಿಂಜಿವೈಟಿಸ್, ಅಂದರೆ ವಸಡಿನ ಉರಿಯೂತ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಸೂಕ್ಷ್ಮಜೀವಿಗಳ ಅಂಟುಪದರ, ಅಂದರೆ ಹಲ್ಲುಪಾಚಿ, ಇದಕ್ಕೆ ಕಾರಣ. ಪಾಚಿಯನ್ನು ತೆಗೆದರೆ ಈ ಉರಿಯೂತ ಪೂರ್ಣವಾಗಿ ಗುಣವಾಗುತ್ತದೆ. ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯಕರ ವಸಡಿನ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ 10ರಿಂದ 21 ದಿನಗಳೊಳಗೆ ಎಲ್ಲರಿಗೂ ಜಿಂಜಿವೈಟಿಸ್ ಬಂದಿತು. ಮತ್ತೆ ಹಲ್ಲುಜ್ಜಲು ಆರಂಭಿಸಿದ ಮೇಲೆ ಅದು ಮಾಯವಾಯಿತು.

ಎರಡನೆಯ ಹಂತ ಪೆರಿಯೊಡಾಂಟೈಟಿಸ್. ಇದರಲ್ಲಿ ಹಲ್ಲನ್ನು ದವಡೆಗೆ ಬಿಗಿದಿಡುವ ನಾರುಗಳು ಮತ್ತು ಮೂಳೆ ಕರಗುತ್ತವೆ. ವಸಡು ಮತ್ತು ಹಲ್ಲಿನ ನಡುವೆ ಆಳವಾದ ಸಂದುಗಳು ಉಂಟಾಗಿ, ಕೀವು ತುಂಬಿ, ಹಲ್ಲು ಸಡಿಲಗೊಂಡು ಕೊನೆಗೆ ಉದುರುತ್ತದೆ. ಒಮ್ಮೆ ಕರಗಿದ ಮೂಳೆ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಬಾಯಿ ಆರೋಗ್ಯ ವರದಿಯ ಅಂದಾಜಿನಂತೆ, ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 19ರಷ್ಟು, ಅಂದರೆ ನೂರು ಕೋಟಿಗೂ ಹೆಚ್ಚು ಜನ, ತೀವ್ರ ವಸಡು ರೋಗದಿಂದ ಬಳಲುತ್ತಿದ್ದಾರೆ.

ಹದಿಹರೆಯದಲ್ಲಿ ಅಥವಾ ಯೌವನದಲ್ಲಿ ಕಾಣಿಸಿಕೊಂಡು ವೇಗವಾಗಿ ಮೂಳೆಯನ್ನು ನಾಶಪಡಿಸುವ ರೂಪವನ್ನು ಹಿಂದೆ 'ಆಕ್ರಮಣಕಾರಿ ಪೆರಿಯೊಡಾಂಟೈಟಿಸ್' ಎಂಬ ಪ್ರತ್ಯೇಕ ರೋಗವೆಂದು ಪರಿಗಣಿಸಲಾಗುತ್ತಿತ್ತು. ಇದು ಹೆಚ್ಚಾಗಿ ಮೊದಲ ದವಡೆ ಹಲ್ಲು ಮತ್ತು ಬಾಚಿಹಲ್ಲುಗಳ ಸುತ್ತ ಆರಂಭವಾಗುತ್ತದೆ ಮತ್ತು ಒಂದೇ ಕುಟುಂಬದ ಹಲವರಲ್ಲಿ ಕಂಡುಬರುತ್ತದೆ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣವು ಈ ಹೆಸರನ್ನು ಕೈಬಿಟ್ಟು, ಎಲ್ಲ ಪೆರಿಯೊಡಾಂಟೈಟಿಸ್‌ಗಳನ್ನೂ ತೀವ್ರತೆಗೆ ಅನುಗುಣವಾಗಿ ನಾಲ್ಕು ಹಂತಗಳಾಗಿಯೂ, ಮುಂದುವರಿಯುವ ವೇಗಕ್ಕೆ ಅನುಗುಣವಾಗಿ ಮೂರು ಶ್ರೇಣಿಗಳಾಗಿಯೂ ವಿಂಗಡಿಸಿತು. ಹಳೆಯ ಆನುವಂಶಿಕ ಅಧ್ಯಯನಗಳಲ್ಲಿ ಮಾತ್ರ ಹಿಂದಿನ ಹೆಸರೇ ಕಾಣಸಿಗುತ್ತದೆ.

## ರೋಗನಿರೋಧಕ ವ್ಯವಸ್ಥೆಯ ಪಾತ್ರ

ಪೆರಿಯೊಡಾಂಟೈಟಿಸ್‌ಗೆ ಸೂಕ್ಷ್ಮಜೀವಿಗಳು ಅಗತ್ಯವಾದರೂ ಮೂಳೆಯನ್ನು ಕರಗಿಸುವುದು ಹೆಚ್ಚಾಗಿ ದೇಹದ ಸ್ವಂತ ಪ್ರತಿಕ್ರಿಯೆಯೇ. ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನೆಮಾ ಡೆಂಟಿಕೋಲಾ ಮುಂತಾದ ಸೂಕ್ಷ್ಮಜೀವಿಗಳು ವಸಡಿನ ಸಂದಿನಲ್ಲಿ ನೆಲೆಸಿದಾಗ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೊದಲು ಅಲ್ಲಿಗೆ ಧಾವಿಸುತ್ತವೆ. ಸೋಂಕು ಹತೋಟಿಗೆ ಬಾರದಿದ್ದರೆ ಉರಿಯೂತದ ಸಂಕೇತ ವಾಹಕಗಳಾದ ಸೈಟೊಕೈನ್‌ಗಳು ದೀರ್ಘಕಾಲ ಸ್ರವಿಸುತ್ತಲೇ ಇರುತ್ತವೆ. ಇವು ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳನ್ನು ಪ್ರಚೋದಿಸುತ್ತವೆ.

ಹೀಗಾಗಿ ಪ್ರತಿಕ್ರಿಯೆ ತೀರ ದುರ್ಬಲವಾದರೂ ಅಪಾಯ, ಅತಿಯಾದರೂ ಅಪಾಯ. ನ್ಯೂಟ್ರೋಫಿಲ್‌ಗಳ ಕೆಲಸ, ಸೈಟೊಕೈನ್‌ಗಳ ಪ್ರಮಾಣ, ಸೂಕ್ಷ್ಮಜೀವಿಯ ಗುರುತಿಸುವಿಕೆ ಇವೆಲ್ಲವನ್ನೂ ವಂಶವಾಹಿಗಳು ನಿಯಂತ್ರಿಸುತ್ತವೆ. ಒಂದೇ ಪ್ರಮಾಣದ ಪಾಚಿ ಇರುವ ಇಬ್ಬರಲ್ಲಿ ಒಬ್ಬರ ಹಲ್ಲು ಮಾತ್ರ ಉದುರುವುದಕ್ಕೆ ಇದು ಒಂದು ಕಾರಣ.

## ಆನುವಂಶಿಕತೆಗೆ ಆಧಾರಗಳು

ರೋಗಕ್ಕೆ ತುತ್ತಾಗುವಿಕೆ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ ಎಂಬುದನ್ನು ಶ್ರೀಲಂಕಾದ ಚಹಾ ತೋಟದ ಕಾರ್ಮಿಕರ ಅಧ್ಯಯನ ಸ್ಪಷ್ಟಪಡಿಸಿತು. ಲೋ ಮತ್ತು ಸಂಗಡಿಗರು 1970ರಿಂದ 480 ಪುರುಷ ಕಾರ್ಮಿಕರನ್ನು ಸುಮಾರು 15 ವರ್ಷ ಅನುಸರಿಸಿ, 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಕಾರ್ಮಿಕರಿಗೆ ದಂತ ಚಿಕಿತ್ಸೆಯಾಗಲಿ ಹಲ್ಲುಜ್ಜುವ ಕ್ರಮಬದ್ಧ ರೂಢಿಯಾಗಲಿ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪಾಚಿ ಹೇರಳವಾಗಿತ್ತು. ಆದರೂ ಸುಮಾರು ಶೇ. 8ರಷ್ಟು ಜನರಲ್ಲಿ ಮಾತ್ರ ರೋಗ ವೇಗವಾಗಿ ಬೆಳೆಯಿತು. ಶೇ. 81ರಷ್ಟು ಜನರಲ್ಲಿ ಅದು ಮಧ್ಯಮ ಗತಿಯಲ್ಲಿ ಸಾಗಿತು. ಉಳಿದ ಶೇ. 11ರಷ್ಟು ಜನರಲ್ಲಿ ರೋಗ ಜಿಂಜಿವೈಟಿಸ್‌ನಿಂದ ಮುಂದೆ ಹೋಗಲಿಲ್ಲ.

ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಎಷ್ಟು ಎಂಬುದನ್ನು ಅವಳಿಗಳ ಅಧ್ಯಯನಗಳಿಂದ ಅಂದಾಜಿಸಲಾಗಿದೆ. ಒಂದೇ ಅಂಡದಿಂದ ಜನಿಸಿದ ಅವಳಿಗಳ ವಂಶವಾಹಿಗಳು ಬಹುತೇಕ ಒಂದೇ ಆಗಿರುತ್ತವೆ. ಎರಡು ಅಂಡಗಳಿಂದ ಜನಿಸಿದ ಅವಳಿಗಳು ಸಾಮಾನ್ಯ ಒಡಹುಟ್ಟಿದವರಂತೆ. ಅಮೆರಿಕದ ಬ್ರಯಾನ್ ಮಿಖಾಲೋವಿಚ್ ಮತ್ತು ಸಂಗಡಿಗರು 117 ಜೋಡಿ ವಯಸ್ಕ ಅವಳಿಗಳನ್ನು ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರ ಪೆರಿಯೊಡಾಂಟೈಟಿಸ್‌ನ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಆನುವಂಶಿಕ. ಇದು ಜನಸಮುದಾಯದೊಳಗಿನ ವ್ಯತ್ಯಾಸದ ಅಳತೆ. ಒಬ್ಬ ರೋಗಿಯ ಕಾಯಿಲೆಯಲ್ಲಿ ಅರ್ಧ ಭಾಗ ವಂಶದಿಂದ ಬಂತು ಎಂದು ಇದನ್ನು ಓದಿಕೊಳ್ಳಬಾರದು.

## ಎಚ್‌ಎಲ್‌ಎ ಗುರುತುಗಳು

ಎಚ್‌ಎಲ್‌ಎ ಎಂಬುದು ಮಾನವನ ಬಿಳಿ ರಕ್ತಕಣಗಳ ಪ್ರತಿಜನಕಗಳಿಗೆ ಇರುವ ಸಂಕ್ಷಿಪ್ತ ಹೆಸರು. ಫ್ರಾನ್ಸಿನ ಜಾನ್ ದೋಸೆ 1958ರಲ್ಲಿ ಇಂತಹ ಮೊದಲ ಪ್ರತಿಜನಕವನ್ನು ವಿವರಿಸಿದರು. ಈ ಕ್ಷೇತ್ರದ ಸಂಶೋಧನೆಗಾಗಿ ಅವರಿಗೆ, ಬರೂಜ್ ಬೆನಸೆರಾಫ್ ಮತ್ತು ಜಾರ್ಜ್ ಸ್ನೆಲ್ ಅವರೊಂದಿಗೆ, 1980ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಲಭಿಸಿತು. ಈ ವಂಶವಾಹಿಗಳು 6ನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿವೆ. ಇವುಗಳಲ್ಲಿ ಎರಡು ಮುಖ್ಯ ವರ್ಗಗಳು:

* ಮೊದಲನೆಯ ವರ್ಗ: ಎ, ಬಿ ಮತ್ತು ಸಿ. ಇವು ದೇಹದ ಬಹುತೇಕ ಎಲ್ಲ ಕೋಶಗಳ ಮೇಲೆ ಇರುತ್ತವೆ.
* ಎರಡನೆಯ ವರ್ಗ: ಡಿಆರ್, ಡಿಕ್ಯೂ ಮತ್ತು ಡಿಪಿ. ಇವು ಮುಖ್ಯವಾಗಿ ರೋಗನಿರೋಧಕ ಕೋಶಗಳ ಮೇಲೆ ಇರುತ್ತವೆ.

ಸೂಕ್ಷ್ಮಜೀವಿಯ ಪ್ರೋಟೀನಿನ ತುಣುಕನ್ನು ಟಿ-ಕೋಶಗಳಿಗೆ ಎತ್ತಿ ತೋರಿಸುವುದು ಎಚ್‌ಎಲ್‌ಎ ಅಣುಗಳ ಕೆಲಸ. ಅಣುವಿನ ಆಕಾರ ಬದಲಾದರೆ ಅದು ಹಿಡಿದು ತೋರಿಸಬಲ್ಲ ತುಣುಕೂ ಬದಲಾಗುತ್ತದೆ. ಈ ವಂಶವಾಹಿಗಳ 30 ಸಾವಿರಕ್ಕೂ ಹೆಚ್ಚು ಭಿನ್ನರೂಪಗಳು ದಾಖಲಾಗಿವೆ. ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಎಚ್‌ಎಲ್‌ಎ ಕಟ್ಟು ಸಾಮಾನ್ಯವಾಗಿ ಇಡಿಯಾಗಿ ಬರುವುದರಿಂದ, ಒಡಹುಟ್ಟಿದ ಇಬ್ಬರ ಕಟ್ಟುಗಳು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು.

ವಸಡು ರೋಗದೊಂದಿಗೆ ಎಚ್‌ಎಲ್‌ಎ ಸಂಬಂಧವನ್ನು ಅನೇಕ ದೇಶಗಳಲ್ಲಿ ಪರೀಕ್ಷಿಸಲಾಗಿದೆ. ಬಿಳಿಯ ಜನಾಂಗದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಎ9 ಮತ್ತು ಬಿ15 ಗುರುತುಗಳು ಆಕ್ರಮಣಕಾರಿ ಪೆರಿಯೊಡಾಂಟೈಟಿಸ್ ರೋಗಿಗಳಲ್ಲಿ ಹೆಚ್ಚಾಗಿಯೂ, ಎ2 ಮತ್ತು ಬಿ5 ಗುರುತುಗಳು ಕಡಿಮೆಯಾಗಿಯೂ ಕಂಡುಬಂದವು. ಮೊದಲ ಎರಡು ಅಪಾಯವನ್ನು ಹೆಚ್ಚಿಸುವ, ನಂತರದ ಎರಡು ರಕ್ಷಣೆ ನೀಡುವ ಗುರುತುಗಳಾಗಿರಬಹುದು ಎಂದು ಸಂಶೋಧಕರು ಅಭಿಪ್ರಾಯಪಟ್ಟರು. ದೀರ್ಘಕಾಲಿಕ ಸಾಮಾನ್ಯ ಪೆರಿಯೊಡಾಂಟೈಟಿಸ್‌ನಲ್ಲಿ ಇಂತಹ ಸಂಬಂಧ ಸ್ಪಷ್ಟವಾಗಲಿಲ್ಲ.

ಈ ಫಲಿತಾಂಶಗಳನ್ನು ಭಾರತೀಯರಿಗೆ ನೇರವಾಗಿ ಅನ್ವಯಿಸಲಾಗದು. ಎಚ್‌ಎಲ್‌ಎ ಭಿನ್ನರೂಪಗಳ ಹಂಚಿಕೆ ಜನಸಮುದಾಯದಿಂದ ಜನಸಮುದಾಯಕ್ಕೆ ಬದಲಾಗುತ್ತದೆ. ಇದಲ್ಲದೆ ಎ9, ಬಿ15 ಮುಂತಾದವು ರಕ್ತದ್ರವದ ಪರೀಕ್ಷೆಯ ಕಾಲದ ಅಗಲವಾದ ಗುಂಪುಗಳು. ನಂತರ ಎ9 ಅನ್ನು ಎ23 ಮತ್ತು ಎ24 ಎಂದು ವಿಂಗಡಿಸಲಾಯಿತು. ಎ24 ಭಾರತವೂ ಸೇರಿದಂತೆ ಏಷ್ಯಾದ ಆರೋಗ್ಯವಂತ ಜನರಲ್ಲಿ ಸಾಮಾನ್ಯವಾಗಿ ಕಂಡುಬರುವ ಗುರುತು.

## ಇತರ ರೋಗನಿರೋಧಕ ಗುರುತುಗಳು

* ಇಂಟರ್‌ಲ್ಯೂಕಿನ್-1: ಇದು ಉರಿಯೂತದ ಪ್ರಮುಖ ಸೈಟೊಕೈನ್. ಕೆನೆತ್ ಕಾರ್ನ್‌ಮನ್ ಮತ್ತು ಸಂಗಡಿಗರು 1997ರಲ್ಲಿ, ಧೂಮಪಾನ ಮಾಡದವರಲ್ಲಿ ಈ ವಂಶವಾಹಿಗಳ ಒಂದು ಜೋಡಿ ಭಿನ್ನರೂಪಕ್ಕೂ ತೀವ್ರ ರೋಗಕ್ಕೂ ಸಂಬಂಧವಿದೆ ಎಂದು ವರದಿ ಮಾಡಿದರು. ಇದನ್ನು ಆಧರಿಸಿದ ಪರೀಕ್ಷೆಯೂ ಮಾರುಕಟ್ಟೆಗೆ ಬಂದಿತು. ಮುಂದಿನ ಅಧ್ಯಯನಗಳ ಫಲಿತಾಂಶಗಳು ಪರಸ್ಪರ ಹೊಂದಲಿಲ್ಲ. ಚೀನೀಯರಂತಹ ಕೆಲವು ಸಮುದಾಯಗಳಲ್ಲಿ ಆ ಜೋಡಿ ರೂಪವೇ ತೀರ ವಿರಳ.
* ಜಿಎಲ್‌ಟಿ6ಡಿ1: ಆಕ್ರಮಣಕಾರಿ ರೂಪದೊಂದಿಗೆ ಇದರ ಸಂಬಂಧವನ್ನು ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್‌ನ ರೋಗಿಗಳಲ್ಲಿ ಇಡೀ ಜೀನೋಮನ್ನು ಶೋಧಿಸಿ 2010ರಲ್ಲಿ ಗುರುತಿಸಲಾಯಿತು.
* ಸಿಗ್ಲೆಕ್5 ಮತ್ತು ಡಿಇಎಫ್‌ಎ1ಎ3: ಇವುಗಳ ಸಂಬಂಧ 2017ರಲ್ಲಿ ಪ್ರಕಟವಾಯಿತು. ಮೊದಲನೆಯದು ಬಿಳಿ ರಕ್ತಕಣಗಳ ಪ್ರತಿಕ್ರಿಯೆಗೆ ಕಡಿವಾಣ ಹಾಕುವ ಗ್ರಾಹಕ. ಎರಡನೆಯದು ನ್ಯೂಟ್ರೋಫಿಲ್‌ಗಳಲ್ಲಿರುವ ಸೂಕ್ಷ್ಮಜೀವಿನಾಶಕ ಪ್ರೋಟೀನುಗಳಿಗೆ ಸೇರಿದ್ದು.

ವಂಶವಾಹಿಯಷ್ಟೇ ಅಲ್ಲದೆ ಸೂಕ್ಷ್ಮಜೀವಿಯ ತಳಿಯೂ ಮುಖ್ಯ. ಅಗ್ರಿಗೇಟಿಬ್ಯಾಕ್ಟರ್ ಆಕ್ಟಿನೊಮೈಸಿಟೆಮ್‌ಕೊಮಿಟಾನ್ಸ್ ಎಂಬ ಸೂಕ್ಷ್ಮಜೀವಿಯ ಜೆಪಿ2 ತಳಿಯನ್ನು ಹೊತ್ತ ಹದಿಹರೆಯದವರಲ್ಲಿ ರೋಗದ ಅಪಾಯ ಬಹಳ ಹೆಚ್ಚು ಎಂಬುದು ಮೊರಾಕೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಒಂದೇ ಮನೆಯಲ್ಲಿ ವಾಸಿಸುವವರ ನಡುವೆ ಬಾಯಿಯ ಸೂಕ್ಷ್ಮಜೀವಿಗಳು ಹರಡುವುದರಿಂದ, ಕುಟುಂಬದಲ್ಲಿ ಹಲವರಿಗೆ ರೋಗವಿದ್ದ ಮಾತ್ರಕ್ಕೆ ಅದು ಪೂರ್ಣವಾಗಿ ಆನುವಂಶಿಕ ಎನ್ನಲಾಗದು.

## ಒಂದೇ ವಂಶವಾಹಿಯ ದೋಷದಿಂದ ಬರುವ ಕಾಯಿಲೆಗಳು

### ಪ್ಯಾಪಿಲಾನ್–ಲೆಫೆವ್ರ್ ಸಿಂಡ್ರೋಮ್

ಫ್ರಾನ್ಸಿನ ವೈದ್ಯರಾದ ಪ್ಯಾಪಿಲಾನ್ ಮತ್ತು ಲೆಫೆವ್ರ್ 1924ರಲ್ಲಿ ಇದನ್ನು ವಿವರಿಸಿದರು. ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಈ ಕಾಯಿಲೆ ಇರುತ್ತದೆಂದು ಅಂದಾಜು. ಅಂಗೈ ಮತ್ತು ಅಂಗಾಲುಗಳ ಚರ್ಮ ದಪ್ಪಗಾಗಿ, ಒರಟಾಗಿ ಬಿರಿಯುತ್ತದೆ. ಹಾಲುಹಲ್ಲುಗಳು ಹುಟ್ಟಿದ ಸ್ವಲ್ಪ ಕಾಲದಲ್ಲೇ ವಸಡು ಊದಿಕೊಂಡು, ನಾಲ್ಕೈದು ವರ್ಷದೊಳಗೆ ಅವು ಉದುರುತ್ತವೆ. ಶಾಶ್ವತ ಹಲ್ಲುಗಳು ಬಂದ ನಂತರ ಅದೇ ಕ್ರಮ ಮರುಕಳಿಸಿ, ಚಿಕಿತ್ಸೆ ದೊರೆಯದ ಅನೇಕರು ಹದಿಹರೆಯದಲ್ಲಿಯೇ ಬಹುತೇಕ ಹಲ್ಲುಗಳನ್ನು ಕಳೆದುಕೊಳ್ಳುತ್ತಾರೆ.

ಇದಕ್ಕೆ 11ನೆಯ ವರ್ಣತಂತುವಿನಲ್ಲಿರುವ ಸಿಟಿಎಸ್‌ಸಿ ವಂಶವಾಹಿಯ ದೋಷ ಕಾರಣವೆಂದು 1999ರಲ್ಲಿ ಪತ್ತೆಯಾಯಿತು. ಈ ವಂಶವಾಹಿ ರೂಪಿಸುವ ಕ್ಯಾಥೆಪ್ಸಿನ್ ಸಿ ಎಂಬ ಕಿಣ್ವವು ನ್ಯೂಟ್ರೋಫಿಲ್‌ಗಳ ಒಳಗಿನ ಕೆಲವು ಕಿಣ್ವಗಳನ್ನು ಸಕ್ರಿಯಗೊಳಿಸುತ್ತದೆ. ತಂದೆ ಮತ್ತು ತಾಯಿ ಇಬ್ಬರೂ ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ಅವರು ಆರೋಗ್ಯವಂತರಾಗಿದ್ದರೂ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಇದೇ ವಂಶವಾಹಿಯ ದೋಷದಿಂದ ಬರುವ ಇನ್ನೊಂದು ಕಾಯಿಲೆಗೆ ದಕ್ಷಿಣ ಭಾರತದ ನಂಟಿದೆ. ಹೈಮ್ ಮತ್ತು ಮಂಕ್ ಎಂಬ ವೈದ್ಯರು 1965ರಲ್ಲಿ ಕೊಚ್ಚಿ ಮೂಲದ ಯಹೂದಿ ಸಮುದಾಯದಲ್ಲಿ ಇದನ್ನು ವರದಿ ಮಾಡಿದರು. ಚರ್ಮ ಮತ್ತು ವಸಡಿನ ತೊಂದರೆಗಳ ಜೊತೆಗೆ ಬೆರಳುಗಳು ನೀಳವಾಗಿದ್ದು ಉಗುರುಗಳು ವಿಕಾರಗೊಂಡಿರುವುದು ಇದರ ಲಕ್ಷಣ. ತಲೆಮಾರುಗಳ ಕಾಲ ತಮ್ಮೊಳಗೇ ವಿವಾಹವಾಗುತ್ತಿದ್ದ ಚಿಕ್ಕ ಸಮುದಾಯದಲ್ಲಿ ವಿರಳ ದೋಷವೊಂದು ಹೇಗೆ ಪ್ರಕಟವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

### ಬಿಳಿ ರಕ್ತಕಣಗಳ ಅಂಟುವಿಕೆಯ ದೋಷ

ಐಟಿಜಿಬಿ2 ವಂಶವಾಹಿಯ ದೋಷವಿದ್ದಾಗ ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ಹೊರಬಂದು ಅಂಗಾಂಶವನ್ನು ತಲುಪಲಾರವು. ನವಜಾತ ಶಿಶುವಿನ ಹೊಕ್ಕುಳ ಬಳ್ಳಿ ತಡವಾಗಿ ಉದುರುವುದು, ಪದೇ ಪದೇ ಸೋಂಕು ತಗಲಿಯೂ ಕೀವಾಗದಿರುವುದು ಇದರ ಸೂಚನೆಗಳು. ಬದುಕುಳಿದ ಮಕ್ಕಳಲ್ಲಿ ತೀವ್ರ ವಸಡು ರೋಗ ಕಾಣಿಸಿಕೊಳ್ಳುತ್ತದೆ. ಇಲ್ಲಿ ಮೂಳೆ ಕರಗಲು ಸೋಂಕಿಗಿಂತ ಇಂಟರ್‌ಲ್ಯೂಕಿನ್-17ರ ಅತಿಯಾದ ಪ್ರತಿಕ್ರಿಯೆ ಹೆಚ್ಚು ಕಾರಣ ಎಂಬುದು 2014ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು.

### ಎಲರ್ಸ್–ಡಾನ್‌ಲೋಸ್ ಸಿಂಡ್ರೋಮ್‌ನ ವಸಡಿನ ರೂಪ

ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳಿಗೆ ಸೇರಿದ ಸಿ1ಆರ್ ಮತ್ತು ಸಿ1ಎಸ್ ವಂಶವಾಹಿಗಳ ದೋಷ ಇದಕ್ಕೆ ಕಾರಣವೆಂದು 2016ರಲ್ಲಿ ತಿಳಿದುಬಂದಿತು. ಇದು ಪ್ರಬಲ ಗುಣವಾದ್ದರಿಂದ ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಮಕ್ಕಳಿಗೆ ಬರಬಹುದು.

## ಗುರುತು ಮತ್ತು ಮುನ್ಸೂಚನೆ

ಒಂದು ಗುರುತು ರೋಗದೊಂದಿಗೆ ಸಂಬಂಧ ಹೊಂದಿರುವುದು ಬೇರೆ, ಆ ಗುರುತಿನಿಂದ ರೋಗವನ್ನು ಮೊದಲೇ ಹೇಳುವುದು ಬೇರೆ. ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 1,000 ವಯಸ್ಕರಲ್ಲಿ 100 ಮಂದಿಗೆ ತೀವ್ರ ರೋಗವಿದೆ ಎಂದುಕೊಳ್ಳೋಣ. 300 ಮಂದಿಯಲ್ಲಿ ಅಪಾಯದ ಗುರುತಿದ್ದು, ಅವರಲ್ಲಿ 45 ಮಂದಿಗೆ ರೋಗವಿದ್ದರೆ, ಗುರುತಿಲ್ಲದ 700 ಮಂದಿಯಲ್ಲಿ 55 ರೋಗಿಗಳಿರುತ್ತಾರೆ. ಗುರುತಿದ್ದವರಲ್ಲಿ ಅಪಾಯ ಶೇ. 15, ಇಲ್ಲದವರಲ್ಲಿ ಶೇ. 8ಕ್ಕಿಂತ ಕೊಂಚ ಕಡಿಮೆ. ಅಂದರೆ ಅಪಾಯ ಹೆಚ್ಚುಕಡಿಮೆ ಇಮ್ಮಡಿ. ಆದರೂ ಗುರುತಿದ್ದ 300 ಮಂದಿಯಲ್ಲಿ 255 ಮಂದಿಗೆ ರೋಗವಿಲ್ಲ, ಮತ್ತು ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗುರುತಿಲ್ಲ.

ಬೆನ್ನೆಲುಬಿನ ಕೀಲುಗಳನ್ನು ಬಾಧಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ರೋಗಕ್ಕೂ ಎಚ್‌ಎಲ್‌ಎ-ಬಿ27 ಗುರುತಿಗೂ ಇರುವ ಸಂಬಂಧ ಇದಕ್ಕಿಂತ ಬಹಳ ಗಟ್ಟಿಯಾದದ್ದು. ಅಲ್ಲಿಯೂ ಗುರುತು ಹೊತ್ತ ಬಹುಪಾಲು ಜನರಿಗೆ ರೋಗ ಬರುವುದಿಲ್ಲ. ಈ ಕಾರಣದಿಂದ ಸಾಮಾನ್ಯ ಪೆರಿಯೊಡಾಂಟೈಟಿಸ್‌ಗೆ ಆನುವಂಶಿಕ ಪರೀಕ್ಷೆಯನ್ನು ದೈನಂದಿನ ಚಿಕಿತ್ಸೆಯಲ್ಲಿ ಬಳಸುವುದಿಲ್ಲ. ಏಕವಂಶವಾಹಿ ಕಾಯಿಲೆಗಳ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ಪರೀಕ್ಷೆಯು ರೋಗವನ್ನು ಖಚಿತಪಡಿಸಿ, ಒಡಹುಟ್ಟಿದವರ ಆರೈಕೆಗೂ ದಾರಿ ತೋರುತ್ತದೆ.

## ಕರ್ನಾಟಕದ ಸಂದರ್ಭ

ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ವರಿಸುವ ಪದ್ಧತಿಯಿದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆಯೊಂದಿಗೆ ಸಂಗ್ರಹಿಸಿದ ಮಾಹಿತಿಯಂತೆ, ತಂದೆತಾಯಿಯರ ವಿವಾಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದೊಳಗೆ ನಡೆದಿದ್ದವು. ಸೋದರಮಾವ ಮತ್ತು ಅಕ್ಕನ ಮಗಳ ವಿವಾಹದಿಂದ ಹುಟ್ಟಿದ ಮಗುವಿಗೆ, ಒಂದೇ ಪೂರ್ವಜರಿಂದ ಬಂದ ವಂಶವಾಹಿಯ ಎರಡೂ ಪ್ರತಿಗಳು ದೊರೆಯುವ ಸಂಭವ ಎಂಟರಲ್ಲಿ ಒಂದು. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಂದಿಗಿನ ವಿವಾಹದಲ್ಲಿ ಹದಿನಾರರಲ್ಲಿ ಒಂದು. ಇದರಿಂದ ಪ್ಯಾಪಿಲಾನ್–ಲೆಫೆವ್ರ್‌ನಂತಹ ಅಪ್ರಬಲ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ. ಆದರೆ ಇಂತಹ ವಿವಾಹಗಳ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಇರುತ್ತಾರೆ. ಸಾಮಾನ್ಯ ವಸಡು ರೋಗವನ್ನು ವಿವಾಹ ಪದ್ಧತಿಯ ತಲೆಗೆ ಕಟ್ಟುವುದು ಸರಿಯಲ್ಲ.

ಉತ್ತರ ಕರ್ನಾಟಕದಲ್ಲಿ ಇನ್ನೆರಡು ಸಂಗತಿಗಳು ರೋಗದ ಗುರುತಿಸುವಿಕೆಯನ್ನು ತೊಡಕಾಗಿಸುತ್ತವೆ. ಗದಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿದ್ದು, ಮಕ್ಕಳ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಕಲೆಗಳಾಗುತ್ತವೆ. ದಂತ ಫ್ಲೋರೋಸಿಸ್ ಎಂಬ ಈ ತೊಂದರೆ ಹಲ್ಲಿನ ಹೊರಪದರಕ್ಕೆ ಸಂಬಂಧಿಸಿದ್ದು. ಹಲ್ಲು ಸಡಿಲವಾಗಲು ಈ ಕಲೆಗಳು ಕಾರಣವಲ್ಲ. ನೀರಿನ ದೋಷವೆಂದು ಭಾವಿಸಿ ಸಡಿಲವಾದ ಹಲ್ಲನ್ನು ನಿರ್ಲಕ್ಷಿಸಿದರೆ ವಸಡು ರೋಗ ಮರೆಯಾಗಿಯೇ ಉಳಿಯುತ್ತದೆ. ಎರಡನೆಯದು ತಂಬಾಕು. ಬೀಡಿ, ಸಿಗರೇಟುಗಳ ಸೇವನೆ ರೋಗವನ್ನು ತೀವ್ರಗೊಳಿಸುವುದರ ಜೊತೆಗೆ ವಸಡಿನ ರಕ್ತಸ್ರಾವವನ್ನು ತಗ್ಗಿಸಿ ಎಚ್ಚರಿಕೆಯ ಲಕ್ಷಣವನ್ನೇ ಮರೆಮಾಚುತ್ತದೆ. ತಂಬಾಕು ಹಾಕಿದ ಎಲೆ-ಅಡಿಕೆ ಮತ್ತು ಗುಟ್ಕಾ ಇಟ್ಟುಕೊಳ್ಳುವ ಜಾಗದಲ್ಲಿ ವಸಡು ಹಿಂದೆ ಸರಿಯುತ್ತದೆ. ಗುಟ್ಕಾ ಮಾರಾಟವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು.

ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದ ರಾಜೂರದಂತಹ ಗ್ರಾಮಗಳ ಜನರಿಗೆ ತಜ್ಞ ವಸಡು ಚಿಕಿತ್ಸೆ ದೊರೆಯುವ ಹತ್ತಿರದ ಬೋಧನಾ ಕೇಂದ್ರಗಳು ಬಾಗಲಕೋಟೆ ಮತ್ತು ಧಾರವಾಡದ ದಂತ ವೈದ್ಯಕೀಯ ಮಹಾವಿದ್ಯಾಲಯಗಳು. ಆನುವಂಶಿಕ ಸಮಾಲೋಚನೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂತಹ ಸಂಸ್ಥೆಗಳಲ್ಲಿ ಲಭ್ಯವಿದೆ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ನೀಡುವ 'ದಂತ ಭಾಗ್ಯ' ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿದೆ.

## ತಪಾಸಣೆ ಮತ್ತು ಚಿಕಿತ್ಸೆ

ರೋಗದ ಪ್ರಮಾಣವನ್ನು ತಿಳಿಯಲು ಆನುವಂಶಿಕ ಪರೀಕ್ಷೆ ಬೇಕಿಲ್ಲ. ಮಿಲಿಮೀಟರ್ ಗುರುತುಗಳಿರುವ ತೆಳುವಾದ ಸಲಾಕೆಯಿಂದ ವಸಡಿನ ಸಂದಿನ ಆಳವನ್ನು ಅಳೆಯಲಾಗುತ್ತದೆ. ಕ್ಷ-ಕಿರಣ ಚಿತ್ರದಿಂದ ಮೂಳೆಯ ಮಟ್ಟ ತಿಳಿಯುತ್ತದೆ. ಮಧುಮೇಹದ ಪರೀಕ್ಷೆಯೂ ಮುಖ್ಯ, ಏಕೆಂದರೆ ಹತೋಟಿಯಲ್ಲಿಲ್ಲದ ಮಧುಮೇಹ ಈ ರೋಗವನ್ನು ಉಲ್ಬಣಗೊಳಿಸುತ್ತದೆ.

ಕೆಳಗಿನ ಸಂದರ್ಭಗಳಲ್ಲಿ ಆನುವಂಶಿಕ ಕಾರಣವನ್ನು ಶಂಕಿಸಲಾಗುತ್ತದೆ:

* ಐದು ವರ್ಷದೊಳಗೆ, ಪೆಟ್ಟಾಗಲಿ ಹುಳುಕಾಗಲಿ ಇಲ್ಲದೆ ಹಾಲುಹಲ್ಲುಗಳು ಸಡಿಲಗೊಂಡು ಬೀಳುವುದು
* ಹಲ್ಲಿನ ತೊಂದರೆಯೊಂದಿಗೆ ಅಂಗೈ ಮತ್ತು ಅಂಗಾಲುಗಳ ಚರ್ಮ ದಪ್ಪಗಾಗಿ ಬಿರಿಯುವುದು
* ಮಗುವಿಗೆ ಪದೇ ಪದೇ ತೀವ್ರ ಸೋಂಕು ತಗಲುವುದು
* ಪಾಚಿ ಕಡಿಮೆಯಿದ್ದರೂ ಹದಿಹರೆಯದಲ್ಲಿ ದವಡೆ ಹಲ್ಲು ಮತ್ತು ಬಾಚಿಹಲ್ಲುಗಳ ಸುತ್ತ ಮೂಳೆ ಕರಗುವುದು

ಇಂತಹ ಮಗುವಿನ ಒಡಹುಟ್ಟಿದವರನ್ನೂ ತಪಾಸಣೆಗೆ ಒಳಪಡಿಸುವುದು ಅಗತ್ಯ, ಏಕೆಂದರೆ ಮೂಳೆ ಕರಗುವ ಮೊದಲೇ ಆರೈಕೆ ಆರಂಭಿಸಿದರೆ ಹಲ್ಲುಗಳನ್ನು ಹೆಚ್ಚು ಕಾಲ ಉಳಿಸಿಕೊಳ್ಳಬಹುದು.

ಗುರುತು ಯಾವುದೇ ಇರಲಿ, ಚಿಕಿತ್ಸೆಯ ತಳಹದಿ ಒಂದೇ: ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ಹಲ್ಲುಗಳ ಸಂದುಗಳನ್ನು ಸ್ವಚ್ಛಗೊಳಿಸುವುದು, ತಂಬಾಕು ತ್ಯಜಿಸುವುದು, ಮತ್ತು ವಸಡಿನ ಕೆಳಗೆ ಗಟ್ಟಿಯಾದ ಪಾಚಿಯನ್ನು ದಂತವೈದ್ಯರಿಂದ ತೆಗೆಸುವುದು. ಹಲ್ಲು ಸ್ವಚ್ಛಗೊಳಿಸಿದರೆ ಅದು ಸಡಿಲವಾಗುತ್ತದೆ ಎಂಬುದು ತಪ್ಪು ನಂಬಿಕೆ. ಈಗಾಗಲೇ ಸಡಿಲವಾಗಿದ್ದ ಹಲ್ಲನ್ನು ಹಿಡಿದಿದ್ದ ಗಟ್ಟಿಪಾಚಿ ಹೋದಾಗ ಅದು ಅರಿವಿಗೆ ಬರುತ್ತದೆ ಅಷ್ಟೆ. ಆಳವಾದ ಸಂದುಗಳಿಗೆ ಶಸ್ತ್ರಚಿಕಿತ್ಸೆ, ಆಯ್ದ ರೋಗಿಗಳಿಗೆ ಪ್ರತಿಜೀವಕಗಳು ಬೇಕಾಗಬಹುದು. ಆನುವಂಶಿಕ ಅಪಾಯ ಹೆಚ್ಚಿರುವವರಲ್ಲಿ ಚಿಕಿತ್ಸೆಯ ನಂತರವೂ ಕೆಲವು ತಿಂಗಳಿಗೊಮ್ಮೆ ತಪಾಸಣೆ ಮುಂದುವರಿಸಬೇಕಾಗುತ್ತದೆ.

## ಇವನ್ನೂ ನೋಡಿ

* ಹಲ್ಲು
* ರೋಗನಿರೋಧಕ ವ್ಯವಸ್ಥೆ
* ವಂಶವಾಹಿ
* ಮಧುಮೇಹ
* ಫ್ಲೋರೋಸಿಸ್